ವೈ-ಫೈ ಸ್ಕ್ಯಾನ್ ಪ್ಯಾಚ್ ಬಂದರೆ ಎಲ್ಲಿಂದ ಓದಬೇಕು? ಲಿನಕ್ಸ್ ಕರ್ನಲ್ ಕೋಡ್ ರಿವ್ಯೂಗೆ ಒಂದು ಮಾರ್ಗದರ್ಶಿ

"ಸಿ ಭಾಷೆ ಬರುತ್ತೆ, ಗಿಟ್ ಗೊತ್ತು. ಆದರೆ ವೈ-ಫೈ ಸ್ಕ್ಯಾನ್ ಪ್ಯಾಚ್ ಕೈಗೆ ಕೊಟ್ಟು ರಿವ್ಯೂ ಮಾಡಿ ಅಂದರೆ ಏನು ನೋಡಬೇಕು ಅಂತಲೇ ತಿಳಿಯಲ್ಲ." ಈ ಮಾತನ್ನು ಬೇರೆ ಬೇರೆ ಓದುಗರು ಮತ್ತೆ ಮತ್ತೆ ಕೇಳುತ್ತಿದ್ದೀರಿ. ಕೆಲವರು ಈಗಷ್ಟೇ ಡ್ರೈವರ್ ಟೀಮ್ ಸೇರಿದವರು. ಕೆಲವರು ಹತ್ತು ವರ್ಷ ಬೇರೆ ಕೋಡ್ ಬರೆದು ಮೊದಲ ಸಲ ವೈರ್‌ಲೆಸ್ ಕಡೆ ಬಂದವರು. ಎಲ್ಲರಿಗೂ ಒಂದೇ ಕಡೆ ಉತ್ತರ ಸಿಗಲಿ ಅಂತ ಇದನ್ನು ಬರೆದಿದ್ದೇನೆ. ಉದಾಹರಣೆಗೆ ಲಿನಕ್ಸ್ ಕರ್ನಲ್ ತೆಗೆದುಕೊಂಡಿದ್ದೇನೆ, ಏಕೆಂದರೆ ಅದರ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು.

ಶುರು ಮಾಡುವ ಮೊದಲು ಒಂದು ವಿಷಯ ಮನಸ್ಸಿನಲ್ಲಿ ಕೂರಿಸಿಕೊಳ್ಳಿ. ರೇಡಿಯೋ ಒಂದು ಹೊತ್ತಿಗೆ ಒಂದು ಚಾನೆಲ್ ಮಾತ್ರ ಕೇಳುತ್ತೆ. ಸ್ಕ್ಯಾನ್ ಅಂದರೆ ಆ ರೇಡಿಯೋ ತನ್ನ ಮನೆ ಚಾನೆಲ್ (ತನ್ನ ರೂಟರ್ ಜೊತೆ ಮಾತಾಡುವ ಚಾನೆಲ್) ಬಿಟ್ಟು, ಬೇರೆ ಚಾನೆಲ್‌ಗಳನ್ನೆಲ್ಲ ಒಂದು ಸುತ್ತು ಹಾಕಿ, ಯಾರ್ಯಾರು ಇದ್ದಾರೆ ಅಂತ ನೋಡಿಕೊಂಡು ವಾಪಸ್ ಬರೋದು. ಹಾಗಾಗಿ ಕೇಳಬೇಕಾದ ಪ್ರಶ್ನೆಗಳೂ ಇಷ್ಟೇ. ಹೊರಡುವಾಗ ಹೇಳಿ ಹೊರಟಿತಾ? ಹೊರಗೆ ಎಷ್ಟು ಹೊತ್ತು ನಿಂತಿತು? ಅಲ್ಲಿ ಮಾತಾಡಲು ಅದಕ್ಕೆ ಅನುಮತಿ ಇತ್ತಾ? ವಾಪಸ್ ಬಂದು "ಮುಗೀತು" ಅಂತ ಒಂದೇ ಒಂದು ಸಲ ಹೇಳಿತಾ? ಹೊರಗಿಂದ ತಂದ ಸುದ್ದಿಯನ್ನು ನಂಬುವ ಮೊದಲು ಪರೀಕ್ಷೆ ಮಾಡಿತಾ? ಪ್ಯಾಚ್ ಹತ್ತು ಸಾಲಿನದಿರಲಿ, ಸಾವಿರ ಸಾಲಿನದಿರಲಿ, ನಾನು ಈ ಪ್ರಶ್ನೆಗಳನ್ನು ಪಕ್ಕದಲ್ಲಿ ಬರೆದಿಟ್ಟುಕೊಂಡೇ ಓದುತ್ತೇನೆ.

ಏನೇನು ಬೇಕು

ಕರ್ನಲ್ ಸೋರ್ಸ್ ಬೇಕು. ವೈ-ಫೈ ಕೆಲಸಕ್ಕೆ ಎರಡು ಮರಗಳಿವೆ, ಅಂದರೆ ಸೋರ್ಸ್‌ನ ಎರಡು ಬೇರೆ ಬೇರೆ ಗಿಟ್ ಸಂಗ್ರಹಗಳು. ಈಗಿನ ಆವೃತ್ತಿಯ ದೋಷ ಸರಿಪಡಿಸುವ ಪ್ಯಾಚ್‌ಗಳು "ವೈರ್‌ಲೆಸ್" ಮರಕ್ಕೆ ಹೋಗುತ್ತವೆ, ಹೊಸ ಸೌಲಭ್ಯಗಳು "ವೈರ್‌ಲೆಸ್-ನೆಕ್ಸ್ಟ್" ಮರಕ್ಕೆ. ಪ್ಯಾಚ್ ಯಾವ ಮರದ ಮೇಲೆ ಬರೆದದ್ದೋ ಅದೇ ಮರದ ಮೇಲೆ ಹಚ್ಚಿ ಓದಿ. ಜೊತೆಗೆ ಒಂದು ವರ್ಚುವಲ್ ಮೆಷಿನ್, ನಿಜವಾದ ವೈ-ಫೈ ಇರುವ ಒಂದು ಲ್ಯಾಪ್‌ಟಾಪ್, ಮತ್ತೆ ಸ್ಕ್ಯಾನ್ ಶುರು ಮಾಡಲು "ಐಡಬ್ಲ್ಯೂ" ಅನ್ನುವ ಸಣ್ಣ ಕಮಾಂಡ್ ಲೈನ್ ಟೂಲ್. ಇಷ್ಟಿದ್ದರೆ ಸಾಕು.

1. ಪ್ಯಾಚ್ ಯಾವ ಪದರದ್ದು ಅಂತ ನೋಡಿ

ಲಿನಕ್ಸ್ ವೈ-ಫೈನಲ್ಲಿ ಕೆಲಸ ಪದರ ಪದರವಾಗಿ ಹಂಚಿಹೋಗಿದೆ. ಮೇಲೆ "ಸಿಎಫ್‌ಜಿ80211" ಇದೆ. ಬಳಕೆದಾರರ ಕಡೆಯಿಂದ ಬಂದ ಸ್ಕ್ಯಾನ್ ಕೋರಿಕೆಯನ್ನು ಪರಿಶೀಲಿಸೋದು, ಸಿಕ್ಕ ನೆಟ್‌ವರ್ಕ್‌ಗಳ ಪಟ್ಟಿ ಇಟ್ಟುಕೊಳ್ಳೋದು ಇದರ ಕೆಲಸ. ಅದರ ಕೆಳಗೆ "ಮ್ಯಾಕ್80211". ರೇಡಿಯೋವನ್ನು ಚಾನೆಲ್‌ನಿಂದ ಚಾನೆಲ್‌ಗೆ ಕರೆದೊಯ್ಯುವ ಸಾಫ್ಟ್‌ವೇರ್ ಸ್ಕ್ಯಾನ್ ಇಲ್ಲಿದೆ. ಅದಕ್ಕೂ ಕೆಳಗೆ ಡ್ರೈವರ್, ಕೊನೆಗೆ ಚಿಪ್ ಒಳಗೆ ಓಡುವ ಫರ್ಮ್‌ವೇರ್. ಈಗಿನ ಬಹಳಷ್ಟು ಚಿಪ್‌ಗಳು ಚಾನೆಲ್ ಪಟ್ಟಿಯನ್ನು ತಾವೇ ತೆಗೆದುಕೊಂಡು ಸುತ್ತಿ ಬರುತ್ತವೆ. ಅದನ್ನು ಹಾರ್ಡ್‌ವೇರ್ ಸ್ಕ್ಯಾನ್ ಅನ್ನುತ್ತಾರೆ.

ಇದನ್ನು ಮೊದಲೇ ಯಾಕೆ ನೋಡಬೇಕು? ಒಂದೇ ಡ್ರೈವರ್‌ನ ತೊಂದರೆಗೆ ಮೇಲಿನ ಪದರದಲ್ಲಿ ತೇಪೆ ಹಾಕಿದ ಪ್ಯಾಚ್‌ಗಳು ಬರುತ್ತಲೇ ಇರುತ್ತವೆ. ಮ್ಯಾಕ್80211 ಅನ್ನು ಹತ್ತಾರು ಡ್ರೈವರ್‌ಗಳು ನೆಚ್ಚಿಕೊಂಡಿವೆ. ಒಬ್ಬರ ಚಿಪ್ ನಿಧಾನ ಅಂತ ಅಲ್ಲಿ ಒಂದು ಸಮಯ ಹೆಚ್ಚಿಸಿದರೆ ಎಲ್ಲರ ಸ್ಕ್ಯಾನೂ ನಿಧಾನವಾಗುತ್ತೆ. "ಇದು ಡ್ರೈವರ್ ಒಳಗೇ ಸರಿ ಮಾಡಬಹುದಲ್ವಾ?" ಅನ್ನೋದು ನೀವು ಕೇಳಬೇಕಾದ ಮೊದಲ ಪ್ರಶ್ನೆ.

2. ಕೋಡ್‌ಗಿಂತ ಮೊದಲು ಕಮಿಟ್ ಸಂದೇಶ ಓದಿ

ಬಳಕೆದಾರರಿಗೆ ಆಗುತ್ತಿದ್ದ ತೊಂದರೆ ಏನು, ಅದು ಯಾಕೆ ಆಗುತ್ತಿತ್ತು, ಈ ಬದಲಾವಣೆಯಿಂದ ಹೇಗೆ ಸರಿಹೋಗುತ್ತೆ. ಈ ಮೂರೂ ಸಂದೇಶದಲ್ಲಿ ಇರಲೇಬೇಕು. "ಸ್ಕ್ಯಾನ್ ಸುಧಾರಣೆ" ಅಂತ ಸುಮ್ನೆ ಒಂದು ಸಾಲು ಇದ್ದರೆ ಅಲ್ಲೇ ನಿಲ್ಲಿಸಿ, ವಿವರ ಕೇಳಿ. ದೋಷ ಸರಿಪಡಿಸುವ ಪ್ಯಾಚ್ ಆದರೆ "ಫಿಕ್ಸಸ್" ಸಾಲು ಬೇಕು. ದೋಷ ಯಾವ ಕಮಿಟ್‌ನಿಂದ ಶುರುವಾಯಿತೋ ಅದರ ಗುರುತಿನ ಮೊದಲ 12 ಅಕ್ಷರ ಅಲ್ಲಿರುತ್ತೆ. ಆ ಹಳೆಯ ಕಮಿಟ್ ತೆರೆದು ಓದಿ. ಅರ್ಧ ರಿವ್ಯೂ ಅಲ್ಲೇ ಮುಗಿಯುತ್ತೆ.

3. ಸಮಯದ ಲೆಕ್ಕವನ್ನು ನೀವೇ ಹಾಕಿ

ಇಲ್ಲಿ ಅವಸರ ಮಾಡಬೇಡಿ. ಎರಡು ಪದ ಗೊತ್ತಿರಲಿ. ಬೀಕನ್ ಅಂದರೆ "ನಾನಿದ್ದೇನೆ" ಅಂತ ರೂಟರ್ ಪದೇ ಪದೇ ಸಾರುವ ಸಣ್ಣ ಪ್ಯಾಕೆಟ್. ಪ್ರೋಬ್ ಅಂದರೆ "ಇಲ್ಲಿ ಯಾರಿದ್ದೀರಿ?" ಅಂತ ನಮ್ಮ ಕಡೆಯಿಂದ ಕೂಗಿ ಕೇಳೋದು. ಸುಮ್ಮನೆ ಕೂತು ಬೀಕನ್ ಕೇಳಿಸಿಕೊಂಡರೆ ಅದು ಪ್ಯಾಸಿವ್ ಸ್ಕ್ಯಾನ್. ಕೂಗಿ ಕೇಳಿದರೆ ಆಕ್ಟಿವ್ ಸ್ಕ್ಯಾನ್.

ಸಾಮಾನ್ಯವಾಗಿ ರೂಟರ್ 102.4 ಮಿಲಿಸೆಕೆಂಡಿಗೆ ಒಂದು ಬೀಕನ್ ಕಳಿಸುತ್ತೆ. 1024 ಮೈಕ್ರೋಸೆಕೆಂಡಿನ 100 ಘಟಕ ಸೇರಿದರೆ ಅಷ್ಟಾಗುತ್ತೆ. ಮ್ಯಾಕ್80211 ಪ್ಯಾಸಿವ್ ಚಾನೆಲ್‌ನಲ್ಲಿ ನಿಲ್ಲುವ ಸಮಯವನ್ನು "ಎಚ್‌ಝಡ್ ಭಾಗಿಸು 9" ಅಂತ ಬರೆದಿದೆ. ಎಚ್‌ಝಡ್ ಅಂದರೆ ಕರ್ನಲ್ ಗಡಿಯಾರ ಸೆಕೆಂಡಿಗೆ ಎಷ್ಟು ಸಲ ಟಿಕ್ ಅನ್ನುತ್ತೆ ಅನ್ನೋ ಸಂಖ್ಯೆ. ಒಂದೊಂದು ಮೆಷಿನ್‌ನಲ್ಲಿ ಅದು 100, 250 ಅಥವಾ 1000 ಇರಬಹುದು.

ಈಗ ಯಾರೋ "ಸ್ಕ್ಯಾನ್ ಬೇಗ ಮುಗಿಯಲಿ" ಅಂತ ಆ 9 ಅನ್ನು 10 ಮಾಡಿದ್ದಾರೆ ಅಂದುಕೊಳ್ಳಿ. ಒಂದೇ ಅಂಕೆಯ ಬದಲಾವಣೆ. ಲೆಕ್ಕ ಹಾಕಿ ನೋಡಿ. ಎಚ್‌ಝಡ್ 250 ಇದ್ದಾಗ 250 ಅನ್ನು 9ರಿಂದ ಭಾಗಿಸಿದರೆ 27 ಟಿಕ್, ಅಂದರೆ 108 ಮಿಲಿಸೆಕೆಂಡ್. 10ರಿಂದ ಭಾಗಿಸಿದರೆ 25 ಟಿಕ್, 100 ಮಿಲಿಸೆಕೆಂಡ್. ಬೀಕನ್ ಬರೋದು 102.4ಕ್ಕೆ! ರೇಡಿಯೋ ಬೀಕನ್‌ಗೆ ಮೊದಲೇ ಎದ್ದು ಹೋಗುವ ಸಾಧ್ಯತೆ ಹುಟ್ಟಿತು. ಹತ್ತು ಸಲ ಪರೀಕ್ಷೆ ಮಾಡಿದರೆ ಹತ್ತೂ ಸಲ ನೆಟ್‌ವರ್ಕ್ ಸಿಗಬಹುದು. ಆಮೇಲೆ ಯಾರದೋ ಮನೆಯಲ್ಲಿ "ಒಮ್ಮೊಮ್ಮೆ ನಮ್ಮ ವೈ-ಫೈ ಪಟ್ಟಿಯಲ್ಲೇ ಕಾಣಲ್ಲ" ಅನ್ನುವ ದೂರು ಬರುತ್ತೆ, ಅದರ ತಲೆಬುಡ ಯಾರಿಗೂ ಸಿಗಲ್ಲ. ಪೂರ್ಣಾಂಕ ಭಾಗಾಕಾರದಲ್ಲಿ ಶೇಷ ಬಿದ್ದುಹೋಗುತ್ತೆ, ಅದಕ್ಕೇ ಮೂರೂ ಎಚ್‌ಝಡ್ ಬೆಲೆಗಳಿಗೆ ಕಾಗದದ ಮೇಲೆ ಲೆಕ್ಕ ಹಾಕಿ.

ಇನ್ನೊಂದು ಕಡೆಯನ್ನೂ ನೋಡಬೇಕು: ಮನೆ ಬಿಟ್ಟು ಎಷ್ಟು ಹೊತ್ತು ಹೊರಗೆ? ರೂಟರ್‌ಗೆ ಕನೆಕ್ಟ್ ಆಗಿರುವಾಗ ಸ್ಕ್ಯಾನ್‌ಗೆ ಹೊರಟರೆ, ಮೊದಲು ಪವರ್ ಸೇವ್ ಬಿಟ್ ಹಾಕಿದ ಖಾಲಿ ಫ್ರೇಮ್ ಒಂದು ಹೋಗುತ್ತೆ. "ನಾನು ಮಲಗಿದೆ, ನನಗೆ ಬಂದದ್ದನ್ನು ಎತ್ತಿಡಿ" ಅಂತ ರೂಟರ್‌ಗೆ ಹೇಳಿದ ಹಾಗೆ. ಮುಂದಿನ ಚಾನೆಲ್‌ಗೂ ಹೋದರೆ ಹೊರಗಿರುವ ಹೊತ್ತು ಒಂದು ಸೆಕೆಂಡಿನ ಎಂಟನೇ ಒಂದು ಭಾಗ, ಅಂದರೆ 125 ಮಿಲಿಸೆಕೆಂಡ್ ದಾಟುತ್ತೆ ಅನ್ನಿಸಿದರೆ ಸಾಫ್ಟ್‌ವೇರ್ ಸ್ಕ್ಯಾನ್ ಅಲ್ಲೇ ನಿಲ್ಲುತ್ತೆ. ಮನೆ ಚಾನೆಲ್‌ಗೆ ಬಂದು ಸುಮಾರು 200 ಮಿಲಿಸೆಕೆಂಡ್ ಇದ್ದು, ಕಾದಿರುವ ಪ್ಯಾಕೆಟ್ ಕಳಿಸಿ, ತೆಗೆದುಕೊಂಡು, ಮತ್ತೆ ಹೊರಡುತ್ತೆ.

ಒಂದು ಲೆಕ್ಕ ಮಾಡೋಣ. 5 ಗಿಗಾಹರ್ಟ್ಸ್‌ನಲ್ಲಿ ರೇಡಾರ್‌ಗೆ ದಾರಿ ಬಿಡಬೇಕಾದ ಚಾನೆಲ್‌ಗಳು 52ರಿಂದ 64ರವರೆಗೆ 4, 100ರಿಂದ 144ರವರೆಗೆ 12, ಒಟ್ಟು 16. ಇವೆಲ್ಲ ಪ್ಯಾಸಿವ್. ಎಚ್‌ಝಡ್ 1000 ಇದ್ದರೆ ಒಂದೊಂದಕ್ಕೂ 111 ಮಿಲಿಸೆಕೆಂಡಿನಂತೆ ಸುಮಾರು 1.8 ಸೆಕೆಂಡ್ ಆಯಿತು. ಒಂದು ಪ್ಯಾಸಿವ್ ಚಾನೆಲ್ ಮುಗಿದ ಕೂಡಲೇ ಇನ್ನೊಂದಕ್ಕೆ ಹೋದರೆ 125 ದಾಟುತ್ತೆ, ಹಾಗಾಗಿ ಪ್ರತಿ ಸಲವೂ ಮನೆಗೆ ಬರಬೇಕು. ಅದಕ್ಕೆ 16 ಸಲ 200, ಅಂದರೆ ಇನ್ನೂ 3.2 ಸೆಕೆಂಡ್. ಒಟ್ಟು ಸುಮಾರು 5 ಸೆಕೆಂಡ್. "ಈ ಮನೆಗೆ ಬರುವ ಹೊತ್ತೇ ದಂಡ" ಅಂತ ಅದನ್ನು ತೆಗೆದುಹಾಕುವ ಪ್ಯಾಚ್ ಬಂದರೆ ಸ್ಕ್ಯಾನ್ ನಿಜವಾಗಿಯೂ ಬೇಗ ಮುಗಿಯುತ್ತೆ. ಆದರೆ ಅಷ್ಟು ಹೊತ್ತು ವಿಡಿಯೋ ಕಾಲ್‌ನಲ್ಲಿ ಇರುವವರ ಮಾತು ಕಡಿದುಹೋಗುತ್ತೆ. ಸ್ಕ್ಯಾನ್ ವೇಗ ಹೆಚ್ಚಾಯಿತು ಅಂತ ಬರೆದವರನ್ನು "ಕನೆಕ್ಟ್ ಆಗಿರುವಾಗ ಪಿಂಗ್ (ಕಳಿಸಿದ ಪ್ಯಾಕೆಟ್‌ಗೆ ಉತ್ತರ ಬರಲು ಹಿಡಿದ ಹೊತ್ತು) ಎಷ್ಟು ಬಂತು?" ಅಂತ ಕೇಳದೆ ಬಿಡಬೇಡಿ.

4. ಯಾವ ಚಾನೆಲ್‌ನಲ್ಲಿ ಬಾಯಿ ತೆರೆಯಬಹುದು?

ಪ್ರತಿ ದೇಶಕ್ಕೂ ರೇಡಿಯೋ ನಿಯಮಗಳಿವೆ. ಕರ್ನಲ್‌ನಲ್ಲಿ ಪ್ರತಿ ಚಾನೆಲ್‌ಗೂ ಅದಕ್ಕೆ ತಕ್ಕ ಗುರುತು ಹಚ್ಚಿರುತ್ತೆ. ಮುಟ್ಟಲೇಬಾರದ ಚಾನೆಲ್‌ಗೆ ಒಂದು, ತಾನಾಗಿ ಮೊದಲು ಮಾತು ಶುರು ಮಾಡಬಾರದ ಚಾನೆಲ್‌ಗೆ ಒಂದು, ರೇಡಾರ್ ಇರಬಹುದಾದ ಚಾನೆಲ್‌ಗೆ ಒಂದು. ಕೊನೆಯ ಎರಡು ಗುರುತುಗಳಲ್ಲಿ ಯಾವುದಿದ್ದರೂ ಪ್ರೋಬ್ ಕಳಿಸುವಂತಿಲ್ಲ, ಕೇಳಿಸಿಕೊಳ್ಳಬೇಕಷ್ಟೇ. ಕೋರಿಕೆಯಲ್ಲಿ ನೆಟ್‌ವರ್ಕ್ ಹೆಸರೇ ಇಲ್ಲದಿದ್ದರೂ ಹಾಗೆಯೇ.

ಪ್ಯಾಚ್ ಈ ಷರತ್ತಿನ ಹತ್ತಿರ ಸುಳಿದಿದ್ದರೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ. ಎರಡು ಗುರುತಲ್ಲಿ ಒಂದನ್ನು ಮಾತ್ರ ಪರೀಕ್ಷಿಸಿ ಇನ್ನೊಂದನ್ನು ಮರೆಯೋದು ಸಾಮಾನ್ಯ. ಇಲ್ಲಿ ತಪ್ಪಾದರೆ ಕ್ರ್ಯಾಶ್ ಆಗಲ್ಲ, ಲಾಗ್‌ನಲ್ಲಿ ಏನೂ ಕಾಣಲ್ಲ, ಎಲ್ಲ ಚೆನ್ನಾಗಿಯೇ ಓಡುತ್ತೆ. ರೇಡಾರ್ ಚಾನೆಲ್‌ನಲ್ಲಿ ಕೂಗಬಾರದ ಸಾಧನ ಕೂಗುತ್ತಿರುತ್ತೆ, ಅಷ್ಟೇ. ಅದನ್ನು ಹಿಡಿಯೋಕೆ ರಿವ್ಯೂ ಮಾಡುವವರನ್ನು ಬಿಟ್ಟರೆ ಬೇರೆ ಯಾರೂ ಇರಲ್ಲ.

ಪ್ರೋಬ್ ಬಗ್ಗೆಯೇ ಇನ್ನೊಂದು ಮಾತು. ಸಾಧನದ ಗುರುತು ಬಯಲಾಗದಿರಲಿ ಅಂತ ಸ್ಕ್ಯಾನ್‌ಗೆ ಯಾವುದೋ ಒಂದು ಹುಸಿ ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ಬಳಸಲು ಬಳಕೆದಾರರ ಕಡೆಯಿಂದ ಕೇಳಬಹುದು. ಡ್ರೈವರ್‌ಗೆ ಅದು ಸಾಧ್ಯವಿಲ್ಲದಿದ್ದರೆ ಕೋರಿಕೆಯನ್ನು ತಿರಸ್ಕರಿಸಬೇಕು. ಸದ್ದಿಲ್ಲದೆ ನಿಜವಾದ ವಿಳಾಸದಿಂದ ಕಳಿಸಿಬಿಡುವ ಪ್ಯಾಚ್ ಒಪ್ಪಬೇಡಿ.

5. "ಮುಗೀತು" ಅನ್ನುವ ಮಾತು ಒಂದೇ ಸಲ

ಎಲ್ಲಕ್ಕಿಂತ ಜಾಸ್ತಿ ಜನ ಎಡವೋದು ಇಲ್ಲೇ. ನಿಯಮ ಸರಳ. ಸ್ಕ್ಯಾನ್ ಶುರು ಮಾಡುವ ಫಂಕ್ಷನ್ ಸೊನ್ನೆ ಹಿಂತಿರುಗಿಸಿದರೆ, ಮುಂದೆ ಏನೇ ಆಗಲಿ, ಸ್ಕ್ಯಾನ್ ಮುಗಿದ ಸೂಚನೆಯನ್ನು ಸರಿಯಾಗಿ ಒಂದು ಸಲ ಕೊಡಬೇಕು. ಎರರ್ ಹಿಂತಿರುಗಿಸಿದರೆ ಕೊಡಲೇಬಾರದು, ಏಕೆಂದರೆ ಮೇಲಿನ ಪದರ ಆ ಕೋರಿಕೆಯ ಮೆಮೊರಿಯನ್ನು ಆಗಲೇ ಬಿಡುಗಡೆ ಮಾಡಿರುತ್ತೆ.

ಕೊಡದೇ ಹೋದರೆ ಹಳೆಯ ಸ್ಕ್ಯಾನ್ ಇನ್ನೂ ನಡೀತಿದೆ ಅಂತಲೇ ಕರ್ನಲ್ ತಿಳಿದಿರುತ್ತೆ. ಹೊಸ ಸ್ಕ್ಯಾನ್ ಕೇಳಿದಾಗಲೆಲ್ಲ "ಸಾಧನ ಬಿಡುವಿಲ್ಲ" ಅನ್ನುವ ಮೈನಸ್ 16 ಎರರ್ ಬರುತ್ತೆ. ಎರಡು ಸಲ ಕೊಟ್ಟರೆ ಬಿಡುಗಡೆಯಾದ ಮೆಮೊರಿಯನ್ನು ಮತ್ತೆ ಮುಟ್ಟಿದಂತೆ.

ಓದುವ ವಿಧಾನ ಹೀಗೆ. ಒಂದು ಹಾಳೆಯಲ್ಲಿ ಸ್ಕ್ಯಾನ್ ಮುಗಿಯಬಹುದಾದ ದಾರಿಗಳನ್ನೆಲ್ಲ ಬರೆಯಿರಿ. ಸಲೀಸಾಗಿ ಮುಗಿಯಿತು. ಬಳಕೆದಾರರು ರದ್ದು ಮಾಡಿದರು. ಇಂಟರ್‌ಫೇಸ್ ಡೌನ್ ಆಯಿತು. ಲ್ಯಾಪ್‌ಟಾಪ್ ಸಸ್ಪೆಂಡ್‌ಗೆ ಹೋಯಿತು. ಯುಎಸ್‌ಬಿ ಡಾಂಗಲ್ ಕಿತ್ತರು. ಫರ್ಮ್‌ವೇರ್ ಬಿದ್ದು ಮತ್ತೆ ಎದ್ದಿತು. ಒಂದೊಂದು ದಾರಿಯಲ್ಲೂ ಕೋಡ್ ಹಿಂದೆ ನಡೆದು, "ಮುಗೀತು" ಅನ್ನುವ ಕರೆ ಎಷ್ಟು ಸಲ ಸಿಗುತ್ತೆ ಎಣಿಸಿ. ಎರಡು ದಾರಿ ಒಟ್ಟಿಗೆ ಬಂದರೆ ಏನಾಗುತ್ತೆ ಅಂತಲೂ ನೋಡಿ. ನಾವು ರದ್ದು ಮಾಡಿ ಅಂತ ಹೇಳುವ ಹೊತ್ತಿಗೇ ಫರ್ಮ್‌ವೇರ್ ಕಡೆಯಿಂದ ಮುಗೀತು ಅನ್ನುವ ಸುದ್ದಿ ಬರಬಹುದು.

ಇನ್ನೊಂದು ಸಂದು ಇದೆ. ರೇಡಿಯೋ ಬೇರೆ ಯಾವುದೋ ಚಾನೆಲ್‌ನಲ್ಲಿ ನಿಲ್ಲಬೇಕಾದ ಕೆಲಸದಲ್ಲಿದ್ದರೆ, ಅಥವಾ ರೂಟರ್ ಇನ್ನೂ ಇದೆಯಾ ಅಂತ ವಿಚಾರಿಸುತ್ತಿದ್ದರೆ, ಮ್ಯಾಕ್80211 ಸ್ಕ್ಯಾನ್ ಕೋರಿಕೆಯನ್ನು ಬದಿಗಿಟ್ಟು ಆಮೇಲೆ ಶುರು ಮಾಡುತ್ತೆ. ಶುರುವೇ ಆಗದೆ ಕಾಯುತ್ತಿರುವ ಈ ಕೋರಿಕೆಗೂ ಮುಕ್ತಾಯ ಬೇಕು.

ನಾನೂ ಒಮ್ಮೆ ಫರ್ಮ್‌ವೇರ್ ಮತ್ತೆ ಏಳುವ ದಾರಿಯನ್ನು ಎಣಿಸದೆ ಒಪ್ಪಿಗೆ ಕೊಟ್ಟಿದ್ದೆ. ನಿದ್ದೆಯಿಂದ ಎದ್ದ ಲ್ಯಾಪ್‌ಟಾಪ್‌ಗಳಲ್ಲಿ ರೀಬೂಟ್ ಮಾಡುವವರೆಗೆ ಹೊಸ ನೆಟ್‌ವರ್ಕ್ ಕಾಣುತ್ತಿರಲಿಲ್ಲ. ಅಂದಿನಿಂದ ಹಾಳೆ ಇಲ್ಲದೆ ಈ ಹಂತ ಓದಲ್ಲ.

ಮುಕ್ತಾಯದ ಜೊತೆಗೆ "ಅರ್ಧಕ್ಕೆ ನಿಂತಿತಾ" ಅನ್ನುವ ಗುರುತೂ ಹೋಗುತ್ತೆ. ಅರ್ಧಕ್ಕೆ ನಿಂತದ್ದನ್ನು ಪೂರ್ತಿ ಆಯಿತು ಅಂತ ಹೇಳಿದರೆ, ಹಳೆಯದನ್ನು ಅಳಿಸಿ ಅಂತ ಬಳಕೆದಾರರು ಕೇಳಿದ್ದ ಪಕ್ಷದಲ್ಲಿ, ಈ ಸ್ಕ್ಯಾನ್‌ನಲ್ಲಿ ಇನ್ನೂ ನೋಡಿರದ ನೆಟ್‌ವರ್ಕ್‌ಗಳೂ ಪಟ್ಟಿಯಿಂದ ಅಳಿಸಿಹೋಗುತ್ತವೆ.

6. ಹೊರಗಿಂದ ಬಂದ ಒಂದು ಬೈಟನ್ನೂ ನಂಬಬೇಡಿ

ಬೀಕನ್ ಅನ್ನು ಯಾರು ಬೇಕಾದರೂ ಕಳಿಸಬಹುದು. ಕೇಳಿಸಿಕೊಳ್ಳಲು ನಾವು ಅವರ ನೆಟ್‌ವರ್ಕ್‌ಗೆ ಸೇರಬೇಕಾಗಿಲ್ಲ. ಪಕ್ಕದ ಟೇಬಲ್‌ನಲ್ಲಿ ಕೂತವರು ಕಳಿಸಿದ ಕೆಟ್ಟ ಬೀಕನ್, ನಮ್ಮ ಫೋನ್ ಸುಮ್ನೆ ಸ್ಕ್ಯಾನ್ ಮಾಡಿದ್ದಕ್ಕೇ ಕರ್ನಲ್ ಒಳಗೆ ಬಂದು ಕೂರುತ್ತೆ.

ಬೀಕನ್ ಒಳಗಿನ ಮಾಹಿತಿ ತುಂಡು ತುಂಡಾಗಿರುತ್ತೆ. ಒಂದೊಂದು ತುಂಡನ್ನೂ ಎಲಿಮೆಂಟ್ ಅನ್ನುತ್ತಾರೆ. ಮೊದಲ ಬೈಟ್ ಅದು ಯಾವ ಬಗೆ ಅಂತ, ಎರಡನೆಯ ಬೈಟ್ ಉದ್ದ ಎಷ್ಟು ಅಂತ, ಆಮೇಲೆ ಅಷ್ಟು ಬೈಟ್ ಮಾಹಿತಿ. ಉದ್ದವನ್ನು ಬರೆದವರು ಕಳಿಸಿದವರೇ!

2022ರ ಅಕ್ಟೋಬರ್‌ನಲ್ಲಿ ಇದೇ ಭಾಗದ ಐದು ದೋಷಗಳು ಬಯಲಾದವು. ಅವುಗಳಲ್ಲಿ ಸಿವಿಇ-2022-41674 (ಸಿವಿಇ ಅಂದರೆ ಭದ್ರತಾ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ) ಅನ್ನು ಹತ್ತಿರದಿಂದ ನೋಡಿ. ಒಂದೇ ರೂಟರ್ ಹಲವು ನೆಟ್‌ವರ್ಕ್ ಹೆಸರುಗಳನ್ನು ಒಂದೇ ಬೀಕನ್‌ನಲ್ಲಿ ಸಾರುವ ವ್ಯವಸ್ಥೆ ಇದೆ. ಆ ಎಲಿಮೆಂಟ್ ದಾಟಿ ಮುಂದೆ ಹೋಗಲು ಕೋಡ್ "ಉದ್ದ ಕೂಡಿಸು 2" ಅಂತ ಲೆಕ್ಕ ಹಾಕುತ್ತಿತ್ತು. ಆ 2 ಅಂದರೆ ಮೊದಲ ಎರಡು ಬೈಟ್. ಲೆಕ್ಕ ಸರಿಯೇ ಇದೆ. ಆದರೆ ಉತ್ತರವನ್ನು ಇಟ್ಟದ್ದು 8 ಬಿಟ್‌ನ ವೇರಿಯಬಲ್‌ನಲ್ಲಿ. ಅದರಲ್ಲಿ ಹಿಡಿಸೋದು 255ರವರೆಗೆ ಮಾತ್ರ. ಉದ್ದ 255 ಅಂತ ಬಂದರೆ 257 ಆಗಬೇಕಿತ್ತು, ವೇರಿಯಬಲ್‌ನಲ್ಲಿ ಉಳಿದದ್ದು 1. ಮುಂದಿನ ಕಾಪಿ 256 ಬೈಟ್ ಹೆಚ್ಚಿಗೆ ನಕಲು ಮಾಡಿ ಬಫರ್ ಆಚೆಗೆ ಬರೆಯುತ್ತಿತ್ತು. 2019ರ 5.1 ಆವೃತ್ತಿಯಿಂದ ಅದು ಅಲ್ಲೇ ಇತ್ತು. ಮೂರು ವರ್ಷ ಎಷ್ಟೋ ಜನರ ಕಣ್ಣು ಆ ಸಾಲಿನ ಮೇಲೆ ಹಾದುಹೋಗಿತ್ತು.

ಹಾಗಾಗಿ ಈ ಭಾಗ ಓದುವಾಗ ನಾನು ಲೆಕ್ಕದ ಸಾಲು ನೋಡುವ ಮೊದಲು ವೇರಿಯಬಲ್ ಘೋಷಣೆಯ ಸಾಲು ನೋಡುತ್ತೇನೆ. ಉದ್ದ ಸೊನ್ನೆ ಬಂದರೆ? 255 ಬಂದರೆ? ಪ್ಯಾಕೆಟ್‌ನಲ್ಲಿ ನಿಜವಾಗಿ ಉಳಿದಿರುವುದಕ್ಕಿಂತ ಜಾಸ್ತಿ ಹೇಳಿದ್ದರೆ? ನೆಟ್‌ವರ್ಕ್ ಹೆಸರು 32 ಬೈಟ್ ದಾಟಿದರೆ? ಎಲಿಮೆಂಟ್‌ಗಳ ಮೇಲೆ ಸುತ್ತಲು ಕರ್ನಲ್‌ನಲ್ಲಿ ಸಿದ್ಧ ಮ್ಯಾಕ್ರೋಗಳಿವೆ, ಉದ್ದವನ್ನು ಅವೇ ಪರೀಕ್ಷಿಸುತ್ತವೆ. ಪ್ಯಾಚ್‌ನಲ್ಲಿ ಪಾಯಿಂಟರ್ ಅನ್ನು ಕೈಯಾರೆ ಮುಂದಕ್ಕೆ ತಳ್ಳಿದ್ದರೆ ಮ್ಯಾಕ್ರೋ ಬಳಸಿ ಅಂತ ಕೇಳಿ.

7. ಪಟ್ಟಿಯ ಉದ್ದ ಮೊದಲು, ತುಂಬೋದು ಆಮೇಲೆ

ಸ್ಕ್ಯಾನ್ ಕೋರಿಕೆಯ ಕೊನೆಯಲ್ಲಿ ಚಾನೆಲ್‌ಗಳ ಅರೇ ಇದೆ, ಅದರಲ್ಲಿ ಎಷ್ಟಿವೆ ಅನ್ನೋದು ಬೇರೆ ವೇರಿಯಬಲ್‌ನಲ್ಲಿದೆ. 2023ರಲ್ಲಿ ಇವೆರಡನ್ನೂ ಗಂಟು ಹಾಕಿದರು: ಅರೇ ಉದ್ದ ಇಷ್ಟೇ ಅಂತ ಕಂಪೈಲರ್‌ಗೆ ತಿಳಿಸಿ, ಆಚೆಗೆ ಹೋದರೆ ಹಿಡಿಯುವಂತೆ ಮಾಡಿದರು. ಒಳ್ಳೆಯ ಕೆಲಸ. ಆದರೆ ಹಳೆಯ ಕೋಡ್ ಮೊದಲು ಅರೇ ತುಂಬಿ ಆಮೇಲೆ ಎಣಿಕೆ ಬರೆಯುತ್ತಿತ್ತು. ತುಂಬುವಾಗ ಎಣಿಕೆ ಸೊನ್ನೆ ಇದ್ದದ್ದರಿಂದ ಮೊದಲ ಚಾನೆಲ್‌ಗೇ ಎಚ್ಚರಿಕೆ ಬರತೊಡಗಿತು. ಅದನ್ನು ಒಂದೊಂದು ಕಡೆ ಸರಿಪಡಿಸುತ್ತಾ ಬರಬೇಕಾಯಿತು. ಹೊಸ ಪ್ಯಾಚ್ ಚಾನೆಲ್ ಪಟ್ಟಿ ತುಂಬುತ್ತಿದ್ದರೆ ಈ ಕ್ರಮ ನೋಡಿ.

8. ಬೀಗಗಳು

ಒಂದೇ ಮಾಹಿತಿಯನ್ನು ಇಬ್ಬರು ಒಟ್ಟಿಗೆ ಬದಲಿಸದಂತೆ ತಡೆಯೋದು ಬೀಗ. ಎರಡು ಬಗೆಯ ಬೀಗ ಸಿಗುತ್ತವೆ. ಮ್ಯೂಟೆಕ್ಸ್ ಹಿಡಿದವರು ಮಧ್ಯೆ ಮಲಗಬಹುದು, ಅಂದರೆ ಮೆಮೊರಿಗಾಗಿ ಕಾಯಬಹುದು. ಸ್ಪಿನ್‌ಲಾಕ್ ಹಿಡಿದವರು ಮಲಗುವಂತಿಲ್ಲ. ಸಿಕ್ಕ ನೆಟ್‌ವರ್ಕ್‌ಗಳ ಪಟ್ಟಿಗೆ ಇರೋದು ಸ್ಪಿನ್‌ಲಾಕ್. ಅದರೊಳಗೆ ಕಾಯುವ ಬಗೆಯ ಮೆಮೊರಿ ಕೋರಿಕೆ ಇದ್ದರೆ ತಪ್ಪು. 2023ರಿಂದ ವೈ-ಫೈ ಕೆಲಸಗಳನ್ನು ಸಾಧನದ ಒಂದೇ ಮ್ಯೂಟೆಕ್ಸ್ ಅಡಿಯಲ್ಲಿ ಓಡಿಸುವ ವ್ಯವಸ್ಥೆ ಬಂದಿದೆ. ಹೊಸ ಪ್ಯಾಚ್ ಹಳೆಯ ಮಾದರಿಯ ವರ್ಕ್‌ಕ್ಯೂ (ಆಮೇಲೆ ಮಾಡಬೇಕಾದ ಕೆಲಸಗಳ ಸಾಲು) ಬಳಸಿದ್ದರೆ ಯಾಕೆ ಅಂತ ಕೇಳಿ.

ಪಟ್ಟಿಯಿಂದ ಒಂದು ನೆಟ್‌ವರ್ಕ್ ಪಡೆದರೆ ಅದರ ರೆಫರೆನ್ಸ್ ಎಣಿಕೆ, ಅಂದರೆ ಅದನ್ನು ಈಗ ಎಷ್ಟು ಕಡೆ ಬಳಸುತ್ತಿದ್ದಾರೆ ಅನ್ನುವ ಲೆಕ್ಕ, ಏರುತ್ತೆ. ಎರರ್ ದಾರಿಯಲ್ಲೂ ಅದನ್ನು ವಾಪಸ್ ಕೊಟ್ಟಿದ್ದಾರಾ ನೋಡಿ. ಹೊಸದಾಗಿ ಕೇಳಿಸದ ನೆಟ್‌ವರ್ಕ್‌ಗಳನ್ನು ಕರ್ನಲ್ 30 ಸೆಕೆಂಡ್ ಆದಮೇಲೆ ಪಟ್ಟಿಯಿಂದ ತೆಗೆಯುತ್ತೆ. ರೆಫರೆನ್ಸ್ ಇಲ್ಲದೆ ಪಾಯಿಂಟರ್ ಇಟ್ಟುಕೊಂಡವರ ಕೋಡ್ 29 ಸೆಕೆಂಡ್ ಚೆನ್ನಾಗಿ ಓಡಿ ಆಮೇಲೆ ಬೀಳುತ್ತೆ.

9. 6 ಗಿಗಾಹರ್ಟ್ಸ್ ಇದ್ದರೆ

ಅಲ್ಲಿ 20 ಮೆಗಾಹರ್ಟ್ಸ್‌ನ 59 ಚಾನೆಲ್‌ಗಳಿವೆ. ಎಲ್ಲದರಲ್ಲೂ ಸುಮ್ಮನೆ ಕೂತು ಕೇಳಿದರೆ ಆರೂವರೆ ಸೆಕೆಂಡ್ ಬೇಕು. ಅದಕ್ಕೇ ಮೊದಲು ನೋಡಬೇಕಾದ 15 ಚಾನೆಲ್‌ಗಳನ್ನು ಗುರುತಿಸಿದ್ದಾರೆ. ಜೊತೆಗೆ 2.4 ಮತ್ತು 5 ಗಿಗಾಹರ್ಟ್ಸ್ ಬೀಕನ್‌ಗಳೇ "ನನ್ನ ಜೊತೆಯವನು 6ರಲ್ಲಿ ಈ ಚಾನೆಲ್‌ನಲ್ಲಿದ್ದಾನೆ" ಅಂತ ಸುಳಿವು ಕೊಡುತ್ತವೆ. ಈ ಸುಳಿವೂ ಹೊರಗಿಂದ ಬಂದದ್ದೇ, 6ನೇ ಹಂತ ಇದಕ್ಕೂ ಸಲ್ಲುತ್ತೆ.

10. ಓದಿದ್ದು ಸಾಕು, ಓಡಿಸಿ

ಕರ್ನಲ್‌ನಲ್ಲಿ "ಮ್ಯಾಕ್80211 ಎಚ್‌ಡಬ್ಲ್ಯೂಸಿಮ್" ಅನ್ನುವ ಮಾಡ್ಯೂಲ್ ಇದೆ. ಚಿಪ್ ಇಲ್ಲದೆಯೇ ಹುಸಿ ರೇಡಿಯೋಗಳನ್ನು ಹುಟ್ಟಿಸುತ್ತೆ. ವರ್ಚುವಲ್ ಮೆಷಿನ್‌ನಲ್ಲಿ ಅದನ್ನು ಹಾಕಿ. ಮೆಮೊರಿ ತಪ್ಪು ಹಿಡಿಯುವ ಕೇಸನ್, ಬೀಗದ ತಪ್ಪು ಹಿಡಿಯುವ ಲಾಕ್‌ಡೆಪ್ ಎರಡನ್ನೂ ಆನ್ ಮಾಡಿ. ಆಮೇಲೆ ಒಂದು ಕಡೆ ಸ್ಕ್ಯಾನ್, ಇನ್ನೊಂದು ಕಡೆ ಇಂಟರ್‌ಫೇಸ್ ಅಪ್ ಡೌನ್, ಎರಡನ್ನೂ ಲೂಪ್‌ನಲ್ಲಿ ಬಿಟ್ಟು ಊಟಕ್ಕೆ ಹೋಗಿ ಬನ್ನಿ. ಇಂಟರ್‌ಫೇಸ್ ಡೌನ್ ಆದಾಗ ಸ್ಕ್ಯಾನ್ ಮುಗಿದ ಸೂಚನೆ ಬಂದಿರದಿದ್ದರೆ ಕರ್ನಲ್ ಲಾಗ್‌ನಲ್ಲಿ ವಾರ್ನಿಂಗ್ ಕಾಣುತ್ತೆ.

ಹುಸಿ ರೇಡಿಯೋದಲ್ಲಿ ಪಾಸಾದದ್ದು ನಿಜವಾದ ಚಿಪ್‌ನಲ್ಲೂ ಆಗುತ್ತೆ ಅಂದುಕೊಳ್ಳಬೇಡಿ. ಸಮಯದ ಪ್ಯಾಚ್ ಆದರೆ ಲ್ಯಾಪ್‌ಟಾಪ್ ತೆಗೆದುಕೊಂಡು ನೆಟ್‌ವರ್ಕ್‌ಗಳು ಕಿಕ್ಕಿರಿದ ಜಾಗಕ್ಕೆ ಹೋಗಿ. ಬೆಂಗಳೂರಿನ ಯಾವುದೇ ದೊಡ್ಡ ಅಪಾರ್ಟ್‌ಮೆಂಟ್ ಆದೀತು. ರೂಟರ್‌ಗೆ ಪಿಂಗ್ ಬಿಟ್ಟುಕೊಂಡು ಸ್ಕ್ಯಾನ್ ಮಾಡಿ, ಪ್ಯಾಚ್ ಹಚ್ಚುವ ಮೊದಲಿನ ಸಂಖ್ಯೆ ಮತ್ತು ನಂತರದ ಸಂಖ್ಯೆ ಎರಡನ್ನೂ ಬರೆದಿಡಿ.

11. ಉತ್ತರ ಬರೆಯುವಾಗ

"ಇದು ತಪ್ಪು" ಅಂತ ಬರೆದರೆ ಸಾಲದು, ಯಾವ ಸಂದರ್ಭದಲ್ಲಿ ತಪ್ಪು ಅಂತ ಬರೆಯಿರಿ. "ಎಚ್‌ಝಡ್ 250 ಇದ್ದಾಗ ಇದು 100 ಮಿಲಿಸೆಕೆಂಡ್ ಆಗುತ್ತೆ, ಬೀಕನ್ ತಪ್ಪಬಹುದು" ಅಂದರೆ ಬರೆದವರಿಗೆ ಮುಂದಿನ ದಾರಿ ಕಾಣುತ್ತೆ. ಅರ್ಥವಾಗದ್ದನ್ನು ಅರ್ಥವಾಗಲಿಲ್ಲ ಅಂತಲೇ ಕೇಳಿ, ಅದರಲ್ಲಿ ಸಂಕೋಚ ಬೇಡ. ಎಷ್ಟೋ ಸಲ ಆ ಸಾಲು ಬರೆದವರಿಗೂ ಅರ್ಥವಾಗಿರಲ್ಲ. ಖಾಲಿ ಜಾಗ, ಅಕ್ಷರ ತಪ್ಪುಗಳನ್ನು ಕೊನೆಗೆ ಹೇಳಿ, ಅವನ್ನು ಹಿಡಿಯಲು ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಇದೆ.

ಎರಡನೆಯ ಆವೃತ್ತಿ ಬಂದಾಗ ಗಿಟ್‌ನ ರೇಂಜ್-ಡಿಫ್ ಬಳಸಿ ಎರಡಕ್ಕೂ ಇರುವ ವ್ಯತ್ಯಾಸ ತೆಗೆಯಿರಿ. ನೀವು ಕೇಳಿದ್ದು ಮಾತ್ರ ಬದಲಾಗಿದೆಯಾ, ಹೇಳದೆ ಬೇರೇನಾದರೂ ಸೇರಿದೆಯಾ ನೋಡಿ. ಮುಕ್ತಾಯದ ದಾರಿಗಳ ಹಾಳೆ ತೆಗೆದು ಮತ್ತೊಮ್ಮೆ ಎಣಿಸಿ. ಪ್ರತಿ ದಾರಿಗೂ ಒಂದೇ ಬಂದರೆ, ನಿಮ್ಮ ಹೆಸರಿನ "ರಿವ್ಯೂಡ್-ಬೈ" ಸಾಲು ಸೇರಿಸಿ ಕಳಿಸಿ.